ಚಹದ ಅಂಗಡಿಯ ಬೆಂಚು

ಊರಿನ ಚರಿತ್ರೆಯನ್ನು ಬರೆಯಹೊರಟವರು ಗುಡಿಯ ಶಾಸನವನ್ನು ಓದಿಸುತ್ತಾರೆ, ಮಠದ ಗುರುಪರಂಪರೆಯನ್ನು ವಿಚಾರಿಸುತ್ತಾರೆ, ವಾಡೆಯ ಹಳೆಯ ದಫ್ತರವನ್ನು ಬಿಚ್ಚಿಸುತ್ತಾರೆ. ಚಹದ ಅಂಗಡಿಯ ಚರಿತ್ರೆಯನ್ನು ಕೇಳಿದವರನ್ನು ನಾವು ಕಂಡಿಲ್ಲ. ಆದಾಗ್ಯೂ ಕೃಷ್ಣಾತೀರದ ನಮ್ಮ ಐನಾಪುರದಂಥ ಊರಲ್ಲಿ ಮೂರು ನಾಲ್ಕು ತಲೆಮಾರುಗಳಿಂದ ಜನರು ದಿನಾಲು ಕೂಡಿದ್ದು, ಸುದ್ದಿಯನ್ನು ಕೇಳಿದ್ದು, ವಾದಿಸಿದ್ದು, ನಕ್ಕದ್ದು, ಒಂದಾದದ್ದು, ಬೇರೆಯಾದದ್ದು ಬಹುಮಟ್ಟಿಗೆ ಆ ತಗಡಿನ ಸೂರಿನ ಕೆಳಗೇ. ಹೆಣ್ಣು ಮಕ್ಕಳ ಹೈಸ್ಕೂಲಿನ ಸ್ಮರಣ ಸಂಚಿಕೆಯಲ್ಲಿ ಮುಖ್ಯಾಧ್ಯಾಪಕಿಯಾದವಳು ಈ ವಿಷಯವನ್ನು ಎತ್ತಿಕೊಳ್ಳುವದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಆ ಅಂಗಡಿಯ ಕಥೆಯು ಹೆಣ್ಣು ಮಕ್ಕಳ ಶಾಲೆಯ ಕಥೆಗೆ ತೀರ ಹತ್ತಿರದ್ದೆಂದು ನಮಗೆ ತೋರಿದೆ. ಅದು ಹೇಗೆಂಬುದನ್ನು ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ತಾಳ್ಮೆಯಿಂದ ಓದಬೇಕೆಂದು ಬಿನ್ನವಿಸುತ್ತೇವೆ.

ಚಹವು ನಮ್ಮ ಸೀಮೆಯ ಹಳೆಯ ಪಾನವಲ್ಲ. ನಮ್ಮ ಹಿರಿಯರು ಮನೆಗೆ ಬಂದವರಿಗೆ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡುತ್ತಿದ್ದರು; ಬೇಸಿಗೆಯಾದರೆ ಮಜ್ಜಿಗೆ, ಹೊಲಕ್ಕೆ ಹೊರಟವರಿಗೆ ಜೋಳದ ಅಂಬಲಿ. ಅಸ್ಸಾಮಿನ ಕಾಡಿನಲ್ಲಿ ಚಹದ ಗಿಡವು ತಾನಾಗಿ ಬೆಳೆಯುತ್ತಿರುವದನ್ನು ರಾಬರ್ಟ್ ಬ್ರೂಸ್ ಎಂಬ ವರ್ತಕನು ೧೮೨೩ರಲ್ಲಿ ತಿಳಿದುಕೊಂಡನು. ಅಲ್ಲಿಯ ಸಿಂಗ್ಫೋ ಜನರು ಅದನ್ನು ಮೊದಲಿನಿಂದಲೇ ಬಲ್ಲವರಾಗಿದ್ದರು. ೧೮೩೯ರಲ್ಲಿ ಅಸ್ಸಾಂ ಕಂಪನಿಯು ಹುಟ್ಟಿತು, ತೋಟಗಳು ಬೆಳೆದವು. ಆದರೆ ಆ ತೋಟದ ಎಲೆಯೆಲ್ಲ ಬಹುಕಾಲ ವಿಲಾಯತಿಗೇ ಹೋಗುತ್ತಿತ್ತು. ಹಿಂದುಸ್ತಾನದ ಜನರೂ ಕುಡಿದರೆ ತಮ್ಮ ವ್ಯಾಪಾರವು ಹೆಚ್ಚೀತೆಂಬುದು ತೋಟದ ಒಡೆಯರಿಗೆ ತಡವಾಗಿ ಹೊಳೆಯಿತು. ೧೯೦೩ರಲ್ಲಿ ಚಹದ ರಫ್ತಿನ ಮೇಲೆ ಸಣ್ಣದೊಂದು ಕರವನ್ನು ಕಾಯದೆಯಿಂದ ಹಾಕಿಸಿ, ಆ ಹಣದಿಂದ ಪ್ರಚಾರಕ್ಕೆ ತೊಡಗಿದರು. ಮುಂದಿನ ದಶಕಗಳಲ್ಲಿ ರೇಲ್ವೆ ಸ್ಟೇಶನ್ನುಗಳಲ್ಲಿ ಬಣ್ಣದ ಫಲಕಗಳು ಕಾಣಿಸಿದವು. ಜನ ಕೂಡಿದಲ್ಲಿ ಪುಕ್ಕಟೆ ಚಹವನ್ನು ಹಂಚಿದರು. ನೀರನ್ನು ಎಷ್ಟು ಕುದಿಸಬೇಕು, ಪುಡಿಯನ್ನು ಎಷ್ಟು ಹಾಕಬೇಕೆಂಬುದನ್ನು ಮಾಡಿ ತೋರಿಸಿದರು. ಮಹಾತ್ಮಾ ಗಾಂಧಿಯವರಿಗೆ ಈ ಪಾನವು ಸೇರುತ್ತಿರಲಿಲ್ಲ. ಮನುಷ್ಯನಿಗೆ ಅದರ ಅವಶ್ಯಕತೆಯಿಲ್ಲವೆಂದು ಅವರು ಆರೋಗ್ಯದ ಬರಹಗಳಲ್ಲಿ ಹೇಳಿದರು. ಅವರ ಎಷ್ಟೋ ಮಾತುಗಳನ್ನು ತಲೆಯ ಮೇಲೆ ಹೊತ್ತ ಜನರು ಈ ಒಂದು ಮಾತನ್ನು ಮಾತ್ರ ಕಪ್ಪಿನ ಬದಿಗೆ ಸರಿಸಿದರು. ಇಂದು ದೇಶದಲ್ಲಿ ಬೆಳೆಯುವ ಚಹದ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲನ್ನು ದೇಶದ ಜನರೇ ಕುಡಿದು ತೀರಿಸುತ್ತಾರೆ.

ನಮ್ಮ ಭಾಗಕ್ಕೆ ಇಂಥ ಹೊಸ ಪದಾರ್ಥಗಳು ಬಂದ ಹೆದ್ದಾರಿ ಎಂದರೆ ಉಗಿಬಂಡಿಯ ಹಳಿ. ೧೮೮೦ರ ದಶಕದ ಕೊನೆಗೆ ಸದರ್ನ್ ಮರಾಠಾ ರೇಲ್ವೆಯವರು ಮಿರಜ, ಬೆಳಗಾವಿಗಳ ಮೇಲಿಂದ ಲೋಂಡಾದ ಕಡೆಗೆ ಹಳಿ ಹಾಸಿದ ಬಳಿಕ ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳಲ್ಲಿ ಬಂಡಿ ನಿಲ್ಲತೊಡಗಿತು. ಸ್ಟೇಶನ್ನಿನಲ್ಲಿ ಕಂಡದ್ದು ಸಂತೆಗೆ ಬಂದಿತು. ಸಂತೆಯಲ್ಲಿ ಕಂಡದ್ದು ಹಳ್ಳಿಗೆ ಬಂದಿತು. ೧೯೩೦ರ ದಶಕದಲ್ಲಿ ಅಸ್ಸಾಮಿನಲ್ಲಿ ಎಲೆಯನ್ನು ಹಿಸುಕಿ, ಹರಿದು, ಸುರುಳಿ ಮಾಡುವ ಯಂತ್ರವು ಬಂದಿತು. ಅದರಿಂದಾದ ಕಾಳು-ಕಾಳಾದ ಚಹಕ್ಕೆ ಬೆಲೆ ಕಡಿಮೆ, ಬಣ್ಣ ಹೆಚ್ಚು. ಒಂದು ಮುಷ್ಟಿಯಿಂದ ಹೆಚ್ಚು ಕಪ್ಪುಗಳು ಆಗುತ್ತವೆ. ಹಾಲು-ಸಕ್ಕರೆ ಹಾಕಿ ಎಷ್ಟು ಕುದಿಸಿದರೂ ಅದರ ಖಾರ ಅಡಗದು. ಇತ್ತ ೧೯೩೯ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆಯ ಕಾರಖಾನೆ ಸ್ಥಾಪನೆಯಾಯಿತು. ನದಿಯ ನೀರಿನಿಂದ ಕಬ್ಬು ಹಬ್ಬಿತು. ಹಾಲು ಮನೆಯದು, ಸಕ್ಕರೆ ನೆರೆಯ ಊರಿನದು, ಪುಡಿ ಮಾತ್ರ ದೂರದ್ದು. ಒಂದು ಒಲೆ, ಒಂದು ಹಿತ್ತಾಳೆಯ ಪಾತ್ರೆ, ಒಂದು ಡಜನ್ ಕಪ್ಪು-ಬಸಿ, ಎರಡು ಬೆಂಚು ಇದ್ದವನು ಅಂಗಡಿಕಾರನಾಗಲು ಬೇರೆ ಬಂಡವಾಳ ಬೇಕಾಗಲಿಲ್ಲ.

ಆ ಎರಡು ಬೆಂಚುಗಳು ಮಾಡಿದ ಕೆಲಸವನ್ನು ಸಣ್ಣದೆಂದು ಯಾರೂ ತಿಳಿಯಬಾರದು. ಒಂದು ಕಪ್ಪನ್ನು ಬಸಿಗೆ ಬಗ್ಗಿಸಿ ಇಬ್ಬರು ಹಂಚಿಕೊಂಡು ಕುಡಿಯುವ ಪದ್ಧತಿಯಿಂದ ಬಡವನಿಗೂ ಗೆಳೆಯನನ್ನು ಸತ್ಕರಿಸುವ ಸುಖವು ದೊರೆಯಿತು. ಚಾವಡಿಯಲ್ಲಿ ಗೌಡರ ಮುಂದೆ ನಿಂತು ಮಾತಾಡಬೇಕು. ಗುಡಿಯ ಕಟ್ಟೆಯಲ್ಲಿ ಹಿರಿಯರು ಎದ್ದ ಮೇಲೆ ಕೂಡ್ರಬೇಕು. ಚಹದ ಅಂಗಡಿಯಲ್ಲಿ ಮಾತ್ರ ದುಡ್ಡು ಕೊಟ್ಟವನು ಕೂತೇ ಮಾತಾಡಬಹುದು. ಅಲ್ಲಿ ಕೇಸರಿಯನ್ನೂ ಸಂಯುಕ್ತ ಕರ್ನಾಟಕವನ್ನೂ ಒಬ್ಬನು ಗಟ್ಟಿಯಾಗಿ ಓದಿದರೆ ಇಪ್ಪತ್ತು ಜನ ಕೇಳುತ್ತಿದ್ದರು. ಓದು ಬಾರದವನಿಗೂ ೧೯೨೪ರ ಬೆಳಗಾವಿ ಕಾಂಗ್ರೆಸ್ಸು, ಯುದ್ಧದ ಸುದ್ದಿ, ಸ್ವಾತಂತ್ರ್ಯದ ಸುದ್ದಿ ತಿಳಿದದ್ದು ಕಿವಿಯಿಂದ. ೧೯೫೦ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿಯು ಆರಂಭವಾದ ಮೇಲೆ ರೇಡಿಯೋ ಎಂಬ ಪೆಟ್ಟಿಗೆಯು ಒಲೆಯ ಹಿಂದಿನ ಮಾಡದಲ್ಲಿ ಬಂದು ಕುಳಿತಿತು. ೧೯೫೬ರ ನವೆಂಬರದಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಾಗಲೂ, ೧೯೬೭ರಲ್ಲಿ ಮಹಾಜನ ಆಯೋಗದ ವರದಿಯು ಬಂದಾಗಲೂ ಒಂದೇ ಬೆಂಚಿನಲ್ಲಿ ಕನ್ನಡವೂ ಮರಾಠಿಯೂ ಜಗಳಾಡಿ, ಚಹ ಬಂದೊಡನೆ ಎರಡು ಭಾಷೆಗಳಲ್ಲಿಯೂ ಸಕ್ಕರೆ ಕಡಿಮೆಯಾಯಿತೆಂದು ದೂರಿಕೊಂಡವೆಂದು ನಮ್ಮ ತಂದೆಯವರು ನಗುತ್ತ ಹೇಳುತ್ತಿದ್ದರು.

ಇನ್ನು ಕಲೆಯ ಮಾತು. ಸಿದ್ಧೇಶ್ವರನ ಜಾತ್ರೆಯು ಬಂದರೆ ಐನಾಪುರದ ಅಂಗಡಿಗಳ ಒಲೆಗಳು ರಾತ್ರಿಯೆಲ್ಲ ಆರುತ್ತಿರಲಿಲ್ಲ. ಶ್ರೀಕೃಷ್ಣ ಪಾರಿಜಾತವು ನಮ್ಮ ಬೆಳಗಾವಿ-ವಿಜಯಪುರ ಸೀಮೆಯ ಸ್ವಂತ ಆಟ. ಅದು ರಾತ್ರಿ ಆರಂಭವಾಗಿ ಬೆಳಗಿನ ಕೋಳಿ ಕೂಗುವ ತನಕ ನಡೆಯುವಂಥದು. ಆಟದವರು ಬಣ್ಣ ಹಚ್ಚುವ ಮೊದಲು ಚಹ, ಬಣ್ಣ ತೊಳೆದ ಮೇಲೆ ಚಹ. ಯಾವ ಭಾಗವತನ ದನಿ ಹೇಗೆ, ಯಾವ ರುಕ್ಮಿಣಿಯ ಗತ್ತು ಹೇಗೆಂಬ ವಿಮರ್ಶೆಯು ಮುಂದೆ ಎಂಟು ದಿವಸ ಅದೇ ಬೆಂಚಿನ ಮೇಲೆ ನಡೆಯುವದು. ಧಾರವಾಡದ ಸಾಹಿತಿಗಳಿಗೆ ೧೯೩೩ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯ ಅಟ್ಟವು ಹೇಗೋ, ಹಾಗೆ ನಮ್ಮ ಒಕ್ಕಲಿಗರಿಗೆ, ನೇಕಾರರಿಗೆ, ಬಡಿಗರಿಗೆ ಈ ಅಂಗಡಿಯು. ಅಟ್ಟದಲ್ಲಿ ನಡೆದ ಮಾತುಗಳಿಂದ ಪುಸ್ತಕಗಳು ಬಂದವು. ಇಲ್ಲಿ ನಡೆದ ಮಾತುಗಳನ್ನು ಯಾರೂ ಬರೆದುಕೊಳ್ಳಲಿಲ್ಲ. ವ್ಯತ್ಯಾಸವು ಅಷ್ಟೇ.

ಇಷ್ಟು ಹೊಗಳಿದ ಮೇಲೆ ಒಂದು ಮಾತನ್ನು ಕೇಳಲೇಬೇಕು. ಬೆಂಚಿನ ಮೇಲೆ ಕೂಡ್ರುವ ಹಕ್ಕು ಯಾರಿಗಿತ್ತು?

ನಮ್ಮ ಅಜ್ಜನು ಮಿಷನ್ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ವರೆಗೆ ಓದಿದವನು. ಅವನ ಓದು ಸ್ಪಷ್ಟ, ದನಿ ದೊಡ್ಡದು. ೧೯೩೦ರ ದಶಕದ ಆ ದಿನಗಳಲ್ಲಿ ತಡವರಿಸದೆ ಪತ್ರಿಕೆ ಓದುವವರು ಹಳ್ಳಿಯಲ್ಲಿ ವಿರಳ. ಆದುದರಿಂದ ಒಬ್ಬ ಅಂಗಡಿಕಾರನು (ಅವನ ಹೆಸರು ಇಲ್ಲಿ ಬೇಡ, ಊರೂ ಬೇಡ) ಅಜ್ಜನನ್ನು ವಾರಕ್ಕೆರಡು ಸಾರೆ ಕರೆಯಿಸುತ್ತಿದ್ದನು. ಅಜ್ಜನು ಅಂಗಡಿಯ ಹೊರಗೆ ಬೇವಿನ ಗಿಡದ ಬುಡದಲ್ಲಿ ನಿಂತು ಓದುವನು. ಒಳಗಿನ ಬೆಂಚಿನವರು ಕುಳಿತು ಕೇಳುವರು. ಓದು ಮುಗಿದೊಡನೆ ಪತ್ರಿಕೆಯನ್ನು ಕಲ್ಲಿನ ಮೇಲೆ ಇಡಬೇಕು. ಕೈಯಿಂದ ಕೈಗೆ ತೆಗೆದುಕೊಳ್ಳುವ ವಾಡಿಕೆಯಿರಲಿಲ್ಲ. ಸೂರಿನ ಮೊಳೆಗೆ ಕಿವಿಯಿಲ್ಲದ ಒಂದು ಕಪ್ಪನ್ನು ತೂಗುಹಾಕಿರುತ್ತಿದ್ದರು. ಅದನ್ನು ಅಜ್ಜನೇ ಇಳಿಸಿಕೊಳ್ಳಬೇಕು. ಅಂಗಡಿಕಾರನು ಮೇಲಿನಿಂದ ಸುರಿಯುವನು. ಕುಡಿದು, ತೊಳೆದು, ತಿರುಗಿ ಮೊಳೆಗೆ ಹಾಕಿ ಬರಬೇಕು. ಕ್ರಿಸ್ತನ ಸಭೆಗೆ ಸೇರಿದ್ದರಿಂದ ಅಜ್ಜನ ಹೆಸರು ಬದಲಾಗಿತ್ತು, ಕಪ್ಪು ಬದಲಾಗಿರಲಿಲ್ಲ. "ಸುದ್ದಿಗೆ ಮೈಲಿಗೆಯಿಲ್ಲ, ಕಪ್ಪಿಗೆ ಮಾತ್ರ ಇದೆ" ಎಂದು ಅವನು ಕೊನೆಗಾಲದಲ್ಲಿ ನಮ್ಮ ಮುಂದೆ ಹೇಳಿದ್ದುಂಟು. ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಮಗೆ ಅಷ್ಟು ನೆನಪಿರುತ್ತಿರಲಿಲ್ಲವೋ ಏನೋ.

ಈ ಮೈಲಿಗೆಯು ಹಳ್ಳಿಗರ ಅಜ್ಞಾನದಿಂದ ಹುಟ್ಟಿದ್ದೆಂದು ಯಾರೂ ಸಮಾಧಾನಪಟ್ಟುಕೊಳ್ಳಬಾರದು. ೧೮೯೦ರಲ್ಲಿ ಪುಣೆಯ ಪಂಚಹೌದ ಮಿಷನ್ನಿನಲ್ಲಿ ಒಂದು ಸಭೆ ನಡೆಯಿತು. ನ್ಯಾಯಮೂರ್ತಿ ರಾನಡೆ, ಬಾಳಗಂಗಾಧರ ಟಿಳಕ ಮೊದಲಾದ ಘನ ವಿದ್ವಾಂಸರು ಅಲ್ಲಿಗೆ ಬಂದಿದ್ದರು. ಸಭೆಯ ಕೊನೆಗೆ ಮಿಷನ್ನಿನವರು ಚಹವನ್ನೂ ಬಿಸ್ಕೀಟುಗಳನ್ನೂ ತಂದಿಟ್ಟರು. ಕೆಲವರು ಕುಡಿದರು, ಕೆಲವರು ಕಪ್ಪನ್ನು ಮುಟ್ಟಿ ಇಟ್ಟರು. ಬಂದವರ ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದೊಡನೆ ಊರೆಲ್ಲ ಗದ್ದಲವಾಯಿತು. ಕ್ರೈಸ್ತರ ಮನೆಯ ಚಹವನ್ನು ಕುಡಿದವರಿಗೆ ಬಹಿಷ್ಕಾರ ಹಾಕಬೇಕೆಂಬ ದೂರು ಶಂಕರಾಚಾರ್ಯರ ಪೀಠದ ವರೆಗೆ ಹೋಯಿತು, ವಿಚಾರಣೆ ನಡೆಯಿತು. ಕಡೆಗೆ ರಾನಡೆಯವರಂಥವರೂ ಪ್ರಾಯಶ್ಚಿತ್ತಕ್ಕೆ ಒಳಗಾದರು. ಒಂದು ಬಟ್ಟಲು ಬಿಸಿ ನೀರಿಗೆ ಎಷ್ಟು ಬೆಲೆಯೆಂಬುದನ್ನು ಪುಣೆಯ ಪಂಡಿತರು ಆಗ ಕಲಿತರು. ರೇಲ್ವೆ ಸ್ಟೇಶನ್ನುಗಳಲ್ಲಿಯಂತೂ ಸ್ವಾತಂತ್ರ್ಯದ ವರೆಗೆ ಹಿಂದೂ ಚಹ, ಮುಸಲ್ಮಾನ ಚಹ ಎಂದು ಬೇರೆ ಬೇರೆ ಕೂಗುತ್ತಿದ್ದರು. ಬಂಡಿ ಒಂದೇ, ಹಳಿ ಒಂದೇ, ಪುಡಿಯೂ ಒಂದೇ ತೋಟದ್ದು. ಕಪ್ಪು ಮಾತ್ರ ಬೇರೆ.

ಇಂಥ ಕಾಲದಲ್ಲಿ ನಮ್ಮಿಂದ ಬಹುದೂರವಲ್ಲದ ಕೊಲ್ಹಾಪುರದಲ್ಲಿ ಒಂದು ಚಹದ ಅಂಗಡಿಯು ಹುಟ್ಟಿತು. ಅದರ ಕಥೆಯನ್ನು ನಮ್ಮ ಅಜ್ಜನು ತನ್ನ ತಂದೆಯಿಂದ ಕೇಳಿದ್ದನು. ನಾವು ಅಜ್ಜನಿಂದ ಕೇಳಿ, ಮುಂದೆ ಪುಸ್ತಕಗಳಲ್ಲಿ ಓದಿ ನಿಜವೆಂದು ತಿಳಿದೆವು. ಕೊಲ್ಹಾಪುರದ ಶಾಹೂ ಮಹಾರಾಜರು (೧೮೭೪-೧೯೨೨) ನಮ್ಮ ಭಾಗಕ್ಕೆ ಪರಕೀಯರಲ್ಲ. ಇಂದು ನಮ್ಮ ಜಿಲ್ಲೆಯಲ್ಲಿರುವ ರಾಯಬಾಗವು ೧೯೪೯ರ ವರೆಗೆ ಅವರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಕನ್ನಡಿಗರು ಅವರ ಪ್ರಜೆಗಳು. ೧೯೦೨ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗಾಗಿ ಕಾದಿರಿಸಿದವರು ಅವರೇ. ೧೯೧೭ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಪುಕ್ಕಟೆಯೂ ಕಡ್ಡಾಯವೂ ಆಗಿ ಮಾಡಿದವರು ಅವರೇ. ೧೯೧೯ರಲ್ಲಿ ಶಾಲೆ, ದವಾಖಾನೆ, ಬಾವಿಗಳಲ್ಲಿ ಅಸ್ಪೃಶ್ಯತೆಯನ್ನು ಪಾಲಿಸಕೂಡದೆಂದು ಅಪ್ಪಣೆ ಹೊರಡಿಸಿದವರೂ ಅವರೇ.

ಗಂಗಾರಾಮ ಕಾಂಬಳೆ ಎಂಬ ದಲಿತನು ಅವರ ಅರಮನೆಯ ಚಾಕರಿಯಲ್ಲಿದ್ದನು. ಮೇಲ್ಜಾತಿಯವರ ನೀರಿನ ಹೌದನ್ನು ಮುಟ್ಟಿದನೆಂಬ ಕಾರಣಕ್ಕಾಗಿ ಜೊತೆಯ ಚಾಕರರು ಅವನನ್ನು ಬಲವಾಗಿ ಹೊಡೆದರು. ಪರಸ್ಥಳದಿಂದ ಮರಳಿ ಬಂದ ಮಹಾರಾಜರ ಮುಂದೆ ಅವನು ತನ್ನ ಬೆನ್ನನ್ನು ತೋರಿಸಿದನು. ಮಹಾರಾಜರು ಹೊಡೆದವರನ್ನು ಶಿಕ್ಷಿಸಿದರು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಇನ್ನೊಬ್ಬರ ಚಾಕರಿಯನ್ನು ಬಿಟ್ಟು ಸ್ವತಂತ್ರವಾದ ಉದ್ಯೋಗವನ್ನು ಮಾಡೆಂದು ಅವನಿಗೆ ಹೇಳಿ ನೆರವಾದರು. ಗಂಗಾರಾಮನು ಕೊಲ್ಹಾಪುರದ ಭಾವುಸಿಂಗಜಿ ರಸ್ತೆಯಲ್ಲಿ ಚಹದ ಅಂಗಡಿಯನ್ನು ತೆರೆದನು. ಅದಕ್ಕೆ 'ಸತ್ಯಸುಧಾರಕ' ಎಂದು ಹೆಸರಿಟ್ಟನು. ಪಾತ್ರೆಗಳು ಥಳಥಳ, ಚಹವು ರುಚಿ. ಆದರೆ ಗಿರಾಕಿಗಳು ಬರಲಿಲ್ಲ. ಅಸ್ಪೃಶ್ಯನು ಚಹ ಮಾರುತ್ತಾನೆಂಬ ಸುದ್ದಿಯು ಊರೆಲ್ಲ ಹಬ್ಬಿ, ಜನರು ಆ ಅಂಗಡಿಯನ್ನು ದೂರವಿಟ್ಟರು.

ಮಹಾರಾಜರ ಕಿವಿಗೆ ಇದು ಬಿದ್ದಿತು. ಅವರು ಯಾರಿಗೂ ದಂಡ ಹಾಕಲಿಲ್ಲ, ಜಾಹೀರನಾಮೆ ಹೊರಡಿಸಲಿಲ್ಲ. ತಮ್ಮ ಸಾರೋಟನ್ನು ಆ ಅಂಗಡಿಯ ಮುಂದೆ ನಿಲ್ಲಿಸಿ, ಗಂಗಾರಾಮನನ್ನು ಕರೆದು ಚಹ ತರಲು ಹೇಳಿದರು. ರಸ್ತೆಯ ಜನರು ನೋಡುತ್ತಿರಲು ಕುಡಿದರು. ಸಂಗಡಿದ್ದ ಬ್ರಾಹ್ಮಣ, ಮರಾಠಾ ಸರದಾರರಿಗೂ ಕೊಡಿಸಿದರು. ಅರಸನು ಕುಡಿದ ಮೇಲೆ ಸರದಾರರು ಬೇಡವೆನ್ನುವದೆಂತು? ಒಂದು ದಿನ ಮಾಡಿ ಬಿಟ್ಟಿದ್ದರೆ ಅದು ತಮಾಷೆಯಾಗುತ್ತಿತ್ತು. ಅವರು ಮೇಲಿಂದ ಮೇಲೆ ಅಲ್ಲಿಗೆ ಹೋದರು. ಸಹಿಗಾಗಿ ಕಾಗದಗಳನ್ನು ಹಿಡಿದು ಬಂದವರೂ ಆ ಅಂಗಡಿಯಲ್ಲಿ ಚಹ ಕುಡಿದೇ ಸಹಿಯನ್ನು ಪಡೆಯಬೇಕಾಯಿತೆಂದು, ಮುಂದೆ ಸೋಡಾ ಮಾಡುವ ಯಂತ್ರವನ್ನೂ ಗಂಗಾರಾಮನಿಗೆ ಕ��ಡಿಸಿದರೆಂದು ಇಂದಿಗೂ ಹೇಳುತ್ತಾರೆ. ಮಹಾರಾಜರು ೧೯೨೨ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಮೊದಲ ಸ್ಮಾರಕವನ್ನು ಕಟ್ಟಿಸಿದವರು ಯಾರೆಂದು ಬಲ್ಲಿರಾ? ಸರದಾರರಲ್ಲ. ೧೯೨೫ರಲ್ಲಿ ಗಂಗಾರಾಮನು ಮುಂದಾಳಾಗಿ ತನ್ನ ಜನರಿಂದ ಹಣ ಕೂಡಿಸಿ ಕೊಲ್ಹಾಪುರದ ನರ್ಸರಿ ಬಾಗಿನಲ್ಲಿ ಅದನ್ನು ನಿಲ್ಲಿಸಿದನು. ಅದೇ ವರ್ಷದ ಏಪ್ರಿಲದಲ್ಲಿ ನಮ್ಮ ನಿಪ್ಪಾಣಿಯಲ್ಲಿ ಡಾಕ್ಟರ್ ಅಂಬೇಡಕರರ ಅಧ್ಯಕ್ಷತೆಯಲ್ಲಿ ಬಹಿಷ್ಕೃತರ ಪ್ರಾಂತಿಕ ಪರಿಷತ್ತು ಸೇರಿತು. ಐದು ವರ್ಷಗಳ ಮುಂಚೆ, ೧೯೨೦ರ ಮಾರ್ಚಿನಲ್ಲಿ, ಕೊಲ್ಹಾಪುರ ಸಂಸ್ಥಾನದ ಮಾಣಗಾವದ ಪರಿಷತ್ತಿಗೆ ಸ್ವತಃ ಮಹಾರಾಜರೇ ಬಂದು ಆ ತರುಣ ಮುಂದಾಳನ್ನು ಹರಸಿದ್ದರು.

ಕೊಲ್ಹಾಪುರದ ಆ ಅಂಗಡಿಯಿಂದ ನಾವು ಕಲಿತದ್ದು ಇಷ್ಟು: ಜನರು ಕೂಡುವ ಸ್ಥಳವೆಂಬುದು ಒಲೆಯಿಂದಲೂ ಬೆಂಚಿನಿಂದಲೂ ಆಗುವಂಥದಲ್ಲ. ಅಲ್ಲಿ ಯಾರಿಗೆ ಕೂಡ್ರಲು ಬರುತ್ತದೆ, ಯಾರ ಕಪ್ಪು ಒಳಗಿದೆ ಎಂಬುದರಿಂದ ಆಗುವಂಥದು. ಅರ್ಧ ಊರು ಹೊರಗೆ ನಿಂತಿದ್ದರೆ ಒಳಗೆ ನಡೆಯುವ ಮಾತು ಎಷ್ಟೇ ಸೊಗಸಾಗಿರಲಿ, ಅದು ಊರಿನ ಮಾತಾಗದು.

೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಅಸ್ಪೃಶ್ಯತೆಯನ್ನು ಅಳಿಸಿತು. ೧೯೫೫ರ ಕಾಯದೆಯು ಅದನ್ನು ಪಾಲಿಸುವವರಿಗೆ ಶಿಕ್ಷೆಯನ್ನು ಗೊತ್ತುಪಡಿಸಿತು. ಮೊಳೆಯ ಕಪ್ಪುಗಳು ಒಂದೊಂದಾಗಿ ಇಳಿದವು. ಎಲ್ಲ ಕಡೆಗೂ ಇಳಿದಿವೆಯೆಂದು ಹೇಳುವ ಧೈರ್ಯವು ನಮಗಿಲ್ಲ. ಸಂವಿಧಾನದ ಹದಿನೈದನೆಯ ಕಲಮನ್ನು ಹತ್ತನೆಯ ಇಯತ್ತೆಯ ಹುಡುಗಿಯರಿಗೆ ಕಲಿಸುವಾಗ ನಾವು ಪ್ರತಿ ವರ್ಷವೂ ಒಂದು ಶಬ್ದದ ಹತ್ತಿರ ನಿಲ್ಲುತ್ತೇವೆ. ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಪ್ರವೇಶದಲ್ಲಿ ಧರ್ಮ, ಜಾತಿ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾವ ನಾಗರಿಕರನ್ನೂ ತಡೆಯಬಾರದೆಂದು ಹೇಳುವ ಆ ಕಲಮಿನಲ್ಲಿಯೇ ಲಿಂಗ ಎಂಬ ಶಬ್ದವೂ ಇದೆ. ಹುಡುಗಿಯರು ಅದನ್ನು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗಿ ಉತ್ತರಿಸುತ್ತಾರೆ. ಸಂಜೆ ಮನೆಗೆ ಹೋಗುವಾಗ ಚಹದ ಅಂಗಡಿಯು ಬಂದೊಡನೆ ತಲೆ ತಗ್ಗಿಸಿ ಬೇಗ ಬೇಗ ಹೆಜ್ಜೆ ಹಾಕುತ್ತಾರೆ.

ಎಂಟೊಂಬತ್ತು ವರ್ಷಗಳ ವರೆಗೆ ನಮಗೂ ಆ ಅಂಗಡಿಯು ಗೊತ್ತಿತ್ತು. ಮನೆಗೆ ಬೀಗರು ಬಂದರೆ ಕಿಟ್ಲಿಯನ್ನು ಕೊಟ್ಟು ಓಡಿಸುವರು. ಕಿಟ್ಲಿಯು ತುಂಬುವ ತನಕ ಬಾಗಿಲ ಪಕ್ಕದಲ್ಲಿ ನಿಂತು ಕಬ್ಬಿನ ಬಿಲ್ಲು, ಕುಸ್ತಿ, ಚುನಾವಣೆ, ನಾಟಕ ಎಲ್ಲವನ್ನೂ ಕೇಳುತ್ತಿದ್ದೆವು. ಮನೆಗೆ ಬಂದು ಅಡಿಗೆಯ ಮನೆಯಲ್ಲಿ ಅದೆಲ್ಲವನ್ನೂ ಹೇಳಿದರೆ ತಾಯಿಯವರೂ ಅತ್ತೆಯವರೂ ರೊಟ್ಟಿ ಬಡಿಯುವದನ್ನು ನಿಲ್ಲಿಸಿ ಕೇಳುತ್ತಿದ್ದರು. ಹತ್ತು ತುಂಬಿದ ಬಳಿಕ ಕಿಟ್ಲಿಯು ತಮ್ಮನ ಕೈಗೆ ಹೋಯಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ; "ಇನ್ನು ನೀನು ಬೇಡ" ಎಂದರು, ಅಷ್ಟೇ. ತಮ್ಮನು ಚಹವನ್ನು ತರುತ್ತಿದ್ದನು, ಸುದ್ದಿಯನ್ನು ತರುತ್ತಿರಲಿಲ್ಲ. ಅಜ್ಜನಂತೆ ನಮಗೆ ಹೊರಗೆ ನಿಲ್ಲುವ ಸ್ಥಳವೂ ಉಳಿಯಲಿಲ್ಲ.

ಅಂಗಡಿಯಲ್ಲಿ ಹೆಂಗಸರು ಇರಲೇ ಇಲ್ಲವೆಂದಲ್ಲ. ಎಷ್ಟೋ ಅಂಗಡಿಗಳನ್ನು ಗಂಡ-ಹೆಂಡಿರು ಕೂಡಿ ನಡೆಯಿಸುತ್ತಾರೆ. ಶುಂಠಿಯನ್ನು ಜಜ್ಜುವವಳು, ಭಜಿಯ ಹಿಟ್ಟನ್ನು ಕಲೆಸುವವಳು, ನೂರು ಕಪ್ಪುಗಳನ್ನು ತೊಳೆಯುವವಳು ಅವಳೇ. ಪಾರಿಜಾತದಲ್ಲಿ ಹೆಸರಾದ ಕೌಜಲಗಿ ನಿಂಗಮ್ಮನಂಥ ಕಲಾವಿದೆಯು ರಾತ್ರಿಯೆಲ್ಲ ಸಾವಿರ ಜನರನ್ನು ಹಿಡಿದು ಕೂಡ್ರಿಸಬಲ್ಲವಳಾಗಿದ್ದಳು. ದುಡಿಯುವ ಹೆಣ್ಣಿಗೆ, ಹಾಡುವ ಹೆಣ್ಣಿಗೆ ನಮ್ಮ ಸಮಾಜವು ಸ್ಥಳವನ್ನು ಕೊಟ್ಟಿದೆ. ಸುಮ್ಮನೆ ಕುಳಿತು ಚಹ ಕುಡಿಯುವ ಹೆಣ್ಣಿಗೆ ಕೊಟ್ಟಿಲ್ಲ.

"ಸುಮ್ಮನೆ ಕೂಡ್ರುವದರಿಂದ ಏನು ಲಾಭ?" ಎಂದು ಪಾಲಕರಲ್ಲಿ ಕೆಲವರು ಕೇಳಬಹುದು. ಲಾಭವನ್ನು ಅಲ್ಲ, ನಷ್ಟವನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಹತ್ತನೆಯ ಇಯತ್ತೆಯನ್ನು ಒಳ್ಳೆಯ ಗುಣಗಳಿಂದ ಮುಗಿಸಿದ ಹುಡುಗಿಯೊಬ್ಬಳು ಮುಂದೆ ಕಾಲೇಜಿಗೆ ಸೇರುವವಳಿದ್ದಳು. ತಾಯಿಯು ವಿಧವೆ, ಕಬ್ಬಿನ ಹೊಲದಲ್ಲಿ ಕೂಲಿ. ಆ ವರ್ಷ ಒಂದು ಶಿಷ್ಯವೇತನದ ಅರ್ಜಿಯ ವಿಷಯವು ಅವರ ಊರಿನ ಚಹದ ಅಂಗಡಿಯಲ್ಲಿ ಎಂಟು ದಿನ ಚರ್ಚೆಯಾಯಿತು. ಯಾವ ದಾಖಲೆ ಬೇಕು, ಯಾವ ಕಚೇರಿಗೆ ಹೋಗಬೇಕು, ಯಾವ ದಿನ ಕಡೆಯದು ಎಂಬುದೆಲ್ಲ ಬೆಂಚಿನವರಿಗೆ ಬಾಯಿಪಾಠವಾಗಿತ್ತು. ಮೂರು ಮನೆಯ ಗಂಡು ಹುಡುಗರು ಅರ್ಜಿ ಹಾಕಿದರು. ಆ ತಾಯಿಯು ದಿನಕ್ಕೆ ಎರಡು ಸಾರೆ ಅದೇ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದಳು. ಕಡೆಯ ದಿನವು ಕಳೆದು ಹತ್ತು ದಿನಗಳಾದ ಮೇಲೆ ಅವಳಿಗೆ ತಿಳಿಯಿತು. ಹುಡುಗಿಯ ಮದುವೆಯು ಮುಂದಿನ ಬೇಸಿಗೆಯಲ್ಲಿ ಆಯಿತು. ಯಾರೂ ಕೇಡನ್ನು ಬಯಸಿರಲಿಲ್ಲ. ಮನೆಯಲ್ಲಿ ಗಂಡಸು ಇದ್ದಿದ್ದರೆ ಸುದ್ದಿಯು ಚಹದ ಜೊತೆಗೆ ತಾನಾಗಿ ಬರುತ್ತಿತ್ತು, ಇರಲಿಲ್ಲವಾದ್ದರಿಂದ ಬರಲಿಲ್ಲ. ಬೆಂಚಿನ ಮೇಲೆ ಸ್ಥಳವಿಲ್ಲದಿರುವದರ ಬೆಲೆ ಇದು.

ಇದು ನಮ್ಮ ದೇಶದ ಒಂದೇ ಅವಸ್ಥೆಯಲ್ಲ. ಲಂಡನ್ನಿನಲ್ಲಿ ೧೬೫೨ರಲ್ಲಿ ಮೊದಲ ಕಾಫಿಯ ಮನೆ ತೆರೆಯಿತು. ಒಂದು ಪೆನ್ನಿಯನ್ನು ಕೊಟ್ಟವನು ಅಲ್ಲಿ ಪತ್ರಿಕೆಗಳನ್ನು ಓದಿ ವಿದ್ವಾಂಸರ ವಾದವನ್ನು ಕೇಳಬಹುದಾದ್ದರಿಂದ ಅವುಗಳನ್ನು ಪೆನ್ನಿ ವಿಶ್ವವಿದ್ಯಾಲಯಗಳೆಂದು ಕರೆದರು. ಆದರೆ ಆ ವಿಶ್ವವಿದ್ಯಾಲಯಕ್ಕೆ ಹೆಂಗಸರು ವಿದ್ಯಾರ್ಥಿನಿಯರಾಗಲಿಲ್ಲ. ಚೀನ ದೇಶದ ಲಾವೊ ಷೆ ಎಂಬ ಸಾಹಿತಿಯು ೧೯೫೭ರಲ್ಲಿ ಪ್ರಕಟಿಸಿದ ನಾಟಕದ ಹೆಸರೇ 'ಚಹದ ಮನೆ'. ಬೀಜಿಂಗಿನ ಒಂದು ಅಂಗಡಿಯಲ್ಲಿ ಕೂಡಿದವರ ಮೂಲಕ ಐವತ್ತು ವರ್ಷಗಳ ದೇಶಚರಿತ್ರೆಯನ್ನು ಅದು ತೋರಿಸುತ್ತದೆ. ಅದರಲ್ಲಿ ಬಡ ತಂದೆಯೊಬ್ಬನು ತನ್ನ ಮಗಳನ್ನು ಮಾರುವ ವ್ಯವಹಾರವು ಆ ಅಂಗಡಿಯಲ್ಲಿಯೇ ನಡೆಯುತ್ತದೆ. ಗಂಡಸರು ಚಹ ಕುಡಿಯುವಲ್ಲಿ ಹೆಣ್ಣು ಮಕ್ಕಳ ಹಣೆಬರಹವು ಮಾತಾಗಿ ತೀರುವದು ನಮಗೂ ತೀರ ಅಪರಿಚಿತವಲ್ಲ.

ಆದರೆ ಅದೇ ಲಂಡನ್ನಿನಲ್ಲಿ ೧೮೬೪ರಲ್ಲಿ ಒಂದು ರೊಟ್ಟಿಯ ಕಂಪನಿಯವರು ಚಹದ ಅಂಗಡಿಯನ್ನು ತೆರೆದರು. ಮದ್ಯವಿಲ್ಲ, ಗದ್ದಲವಿಲ್ಲ, ಗಂಡಸರ ಜೊತೆಯಿಲ್ಲದೆ ಬಂದ ಹೆಂಗಸೂ ಮರ್ಯಾದೆಯಿಂದ ಕುಳಿತುಕೊಳ್ಳಬಹುದು. ಇಂಥ ಅಂಗಡಿಗಳು ಊರೂರಿಗೆ ಹಬ್ಬಿದವು. ಕಚೇರಿಗಳಲ್ಲಿ ದುಡಿಯುವ ಹುಡುಗಿಯರು ಅಲ್ಲಿ ಊಟ ಮಾಡಿದರು. ಮುಂದೆ ಹೆಣ್ಣು ಮಕ್ಕಳಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದವರು ಇಂಥ ಚಹದ ಕೋಣೆಗಳಲ್ಲಿಯೇ ಸಭೆ ಸೇರಿದರು. ಕೂಡ್ರಲು ಒಂದು ಕುರ್ಚಿ ದೊರೆತ ಮೇಲೆ ಮಾತು ತಾನಾಗಿ ಬಂದಿತು. ಮಾತಿನ ಹಿಂದೆ ಕೆಲಸವು ಬಂದಿತು.

ನಮ್ಮ ಸೀಮೆಯಲ್ಲಿಯೂ ಅದರ ಒಂದು ಹೊಳಹನ್ನು ಕಂಡಿದ್ದೇವೆ. ೨೦೧೯ರ ಆಗಸ್ಟದಲ್ಲಿ ಕೃಷ್ಣೆಯು ಉಕ್ಕಿ ದಂಡೆಯ ಊರುಗಳೊಳಗೆ ಬಂದಾಗ ಜನರು ಶಾಲೆಗಳಲ್ಲಿ ಆಶ್ರಯ ಪಡೆದದ್ದನ್ನು ವಾಚಕರು ಮರೆತಿರಲಾರರು. ಒಂದು ಶಾಲೆಯಲ್ಲಿ ನಾವೂ ಕೆಲವು ದಿನ ಕೈಲಾದ ಸೇವೆಯನ್ನು ಮಾಡಿದೆವು. ಬೆಳಗಿನಲ್ಲಿ ದೊಡ್ಡ ಹಂಡೆಯಲ್ಲಿ ಚಹವು ಕುದಿಯುವದು. ಎಲ್ಲ ಓಣಿಗಳ, ಎಲ್ಲ ಜಾತಿಗಳ ಹೆಂಗಸರು ಪಡಸಾಲೆಯಲ್ಲಿ ಸಾಲಾಗಿ ಕುಳಿತು ಒಂದೇ ಬಗೆಯ ಲೋಟಗಳಲ್ಲಿ ಕುಡಿಯುವರು. ಅಡಿಗೆಯ ಕೆಲಸವು ಬೇರೆಯವರದು, ದನಗಳು ಬೇರೆ ಕಡೆಗೆ; ಅವರಿಗೆ ಮಾಡಲು ಏನೂ ಇರಲಿಲ್ಲ. ಮನೆ ಕಳೆದುಕೊಂಡ ದುಃಖದ ನಡುವೆಯೂ ಪರಿಹಾರದ ಪಂಚನಾಮೆಯು ಹೇಗೆ, ಬ್ಯಾಂಕಿನ ಖಾತೆಯು ಯಾರ ಹೆಸರಿನಲ್ಲಿರಬೇಕು, ಮನೆಯ ಉತಾರದಲ್ಲಿ ಹೆಂಡತಿಯ ಹೆಸರು ಏಕಿರಬಾರದು ಎಂದು ಅವರು ಮಾತಾಡಿದರು. ಅರುವತ್ತು ದಾಟಿದ ಮುದುಕಿಯೊಬ್ಬಳು, "ಹಿಂಗ ಕುಂತು ಚಾ ಕುಡದಿದ್ದು ಇದ ಮೊದಲ ನೋಡ್ರಿ ಬಾಯಾರ" ಎಂದಳು. ನೀರು ಇಳಿಯಿತು, ಎಲ್ಲರೂ ತಂತಮ್ಮ ಮನೆಗಳ ಕೆಸರನ್ನು ಬಳಿಯಲು ಹೋದರು. ಆ ಪಡಸಾಲೆಯ ಮಾತು ಅಲ್ಲಿಗೇ ನಿಂತಿತು. ಊರಿನ ಹೆಂಗಸರು ಕೂಡಲು ಮಹಾಪೂರವೇ ಬರಬೇಕೆ?

ಇಂದು ಕಾಲವು ಬದಲಾಗಿದೆಯೆಂಬುದನ್ನು ಒಪ್ಪುತ್ತೇವೆ. ಬೆಳಗಾವಿ, ಮಿರಜಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರು ಗೆಳತಿಯರ ಸಂಗಡ ಅಂಗಡಿಯಲ್ಲಿ ಕುಳಿತು ಚಹ ಕುಡಿಯುತ್ತಾರೆ. ಅದನ್ನು ಕಂಡು ನಮಗೆ ಸಂತೋಷವಾಗಿದೆ. ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳು ಸೇರುತ್ತವೆ; ಆದರೆ ಅಲ್ಲಿ ಉಳಿತಾಯ-ಸಾಲಗಳ ಲೆಕ್ಕವು ಮುಗಿದೊಡನೆ ಸಭೆಯೂ ಮುಗಿಯುತ್ತದೆ. ಅಂಗಡಿಯ ಬೆಂಚಿನ ಮೇಲೂ ಈಗ ಪತ್ರಿಕೆಯ ಓದು ಕಡಿಮೆ. ಒಬ್ಬೊಬ್ಬನು ತನ್ನ ಮೊಬೈಲನ್ನು ನೋಡುತ್ತಾನೆ. ಇದ್ದ ಬೆಂಚು ಬರಿದಾಗುತ್ತಿರುವಾಗ ಹೊಸ ಬೆಂಚು ಏತಕ್ಕೆಂದು ಕೇಳಿದರೆ, ಗಂಡಸರು ನೂರು ವರ್ಷ ಉಂಡು ಎದ್ದ ಎಲೆಯ ಹತ್ತಿರ ಹೆಂಗಸರು ಇನ್ನೂ ಕುಳಿತೇ ಇಲ್ಲವೆಂಬುದೇ ನಮ್ಮ ಉತ್ತರ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ಒಂದು ಸಣ್ಣ ಸೂಚನೆಯನ್ನಿಡುತ್ತೇವೆ. ಇದಕ್ಕೆ ಕಟ್ಟಡ ಬೇಡ, ನಿಧಿ ಬೇಡ, ಉದ್ಘಾಟನೆಯ ರಿಬ್ಬನ್ನು ಬೇಡ. ಬರುವ ಜೂನ್ ತಿಂಗಳಿಂದ ಪ್ರತಿ ಎರಡನೆಯ ಶನಿವಾರ ಮಧ್ಯಾಹ್ನ ನಮ್ಮ ಶಾಲೆಯ ಪಡುವಣ ಪಡಸಾಲೆಯು ಊರಿನ ಎಲ್ಲ ಹೆಂಗಸರಿಗೂ ತೆರೆದಿರುವದು. ಕನ್ನಡ, ಮರಾಠಿ ಪತ್ರಿಕೆಗಳನ್ನು ತರಿಸುವೆವು. ಓದಬಲ್ಲವರು ಓದಿ ಹೇಳಬೇಕು, ಕೂತೇ ಓದಬೇಕು. ಅರ್ಜಿಗಳ ಕಡೆಯ ದಿನಗಳನ್ನು ಕರೀಹಲಗೆಯ ಮೇಲೆ ದೊಡ್ಡಕ್ಷರಗಳಲ್ಲಿ ಬರೆಯಿಸುವೆವು. ಕಪ್ಪುಗಳೆಲ್ಲ ಒಂದೇ ಬಗೆಯವು. ಕುಡಿದವರೇ ತೊಳೆದು ಒಂದೇ ಹಲಗೆಯ ಮೇಲೆ ಬೋರಲು ಹಾಕಬೇಕು. ಯಾರ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವದಿಲ್ಲ, ಯಾರ ಜಾತಿ-ಮತಗಳನ್ನೂ ಕೇಳುವದಿಲ್ಲ. ಐನಾಪುರ, ಉಗಾರ, ಶೇಡಬಾಳ, ಕಾಗವಾಡದ ಕಡೆಗೆ ಮದುವೆಯಾಗಿ ಹೋದ ಭಗಿನಿಯರು ತಮ್ಮ ತಮ್ಮ ಅಂಗಳದಲ್ಲಿಯೂ ಇದನ್ನು ನಡೆಯಿಸಬಹುದು. ಒಂದು ಚಾಪೆ, ಒಂದು ಕಿಟ್ಲಿ, ಒಂದು ಪತ್ರಿಕೆ ಸಾಕು.

ಪಾಲಕರಲ್ಲಿ ಬೇಡುವದು ಇನ್ನೂ ಸುಲಭವಾದದ್ದು. ನಿಮ್ಮ ಮಗಳು, ನಿಮ್ಮ ಸೊಸೆ, ನಿಮ್ಮ ಹೆಂಡತಿ ಆ ದಿನ ಅರ್ಧ ತಾಸು ತಡವಾಗಿ ಬಂದರೆ ಎಲ್ಲಿಗೆ ಹೋಗಿದ್ದಿಯೆಂದು ಕೇಳಬೇಡಿರಿ. ಏನು ಸುದ್ದಿಯೆಂದು ಕೇಳಿರಿ. ಆ ದಿನ ಒಲೆಯ ಮುಂದೆ ನೀವೇ ಒಂದಿಷ್ಟು ಕುಳಿತರೆ ಇನ್ನೂ ಒಳ್ಳೆಯದು.

ಮೊದಲ ಶನಿವಾರದ ಹಾಲಿನ ವೆಚ್ಚವನ್ನು ಶಿಕ್ಷಕಿಯರು ತಾವೇ ವಹಿಸಿಕೊಂಡಿದ್ದಾರೆ. ಸಕ್ಕರೆಯು ಬೇಡವೆನ್ನುವವರಿಗೆ ಬೆಲ್ಲದ ಚಹವೂ ಇರುವದು. ಎಲ್ಲರೂ ಬರಬೇಕು, ಬರುವಾಗ ಪಕ್ಕದ ಮನೆಯವಳನ್ನು ಕರೆದುಕೊಂಡು ಬರಬೇಕು.